ತಮ್ಮನಿಗೇ ಯಾಕೆ ಆಶೀರ್ವಾದ? ಅಣ್ಣಂದಿರು ಮಾಡಿದ ತಪ್ಪೇನು?

ನಿಮ್ಮ ಪ್ರಶ್ನೆ: "ಬೈಬಲ್ಲಿನ ಹಳೆ ಒಡಂಬಡಿಕೆಯಲ್ಲಿ ದೇವರು ಯಾವಾಗಲೂ ತಮ್ಮನನ್ನೇ ಆರಿಸಿಕೊಳ್ಳುತ್ತಾನೆ. ಅಣ್ಣಂದಿರು ಮಾಡಿದ ತಪ್ಪೇನು? ಹಿರಿಮಗನ ಹಕ್ಕಿಗೆ ಬೆಲೆಯೇ ಇರಲಿಲ್ಲವೇ?"

ನಾನೂ ಮನೆಯ ಹಿರಿಮಗ. ಸಂಡೇ ಸ್ಕೂಲಿನಲ್ಲಿ ಅಣ್ಣ ಏಸಾವ, ತಮ್ಮ ಯಾಕೋಬರ ಕಥೆ ಮೊದಲ ಸಲ ಕೇಳಿದಾಗ ನನಗೆ ಸಿಟ್ಟು ಬಂದಿತ್ತು. ಪಕ್ಕದಲ್ಲಿ ಕೂತಿದ್ದ ತಮ್ಮ ಹಲ್ಲು ಕಿರಿಯುತ್ತಿದ್ದ. ಹಾಗಾಗಿ ಈ ಪ್ರಶ್ನೆ ನನಗೆ ಹಳೆಯ ಪರಿಚಯದ್ದು.

ಬೆಲೆಯ ವಿಷಯ ಮೊದಲು. ಬೆಲೆ ಇತ್ತು, ಜಾಸ್ತಿಯೇ ಇತ್ತು. ಹಳೆ ಒಡಂಬಡಿಕೆಯ ಧರ್ಮೋಪದೇಶಕಾಂಡದ 21ನೇ ಅಧ್ಯಾಯ ನೋಡಿ. ಒಬ್ಬನಿಗೆ ಇಬ್ಬರು ಹೆಂಡಿರು. ಒಬ್ಬಳು ಮುದ್ದಿನವಳು, ಇನ್ನೊಬ್ಬಳನ್ನು ಕಂಡರೆ ಆಗದು. ಮೊದಲ ಮಗ ಆ ಬೇಡವಾದವಳಿಗೇ ಹುಟ್ಟಿದ್ದರೂ ಎರಡು ಪಾಲು ಅವನದೇ. ಮುದ್ದಿನವಳ ಮಗನನ್ನು ತಂದು ಆ ಜಾಗದಲ್ಲಿ ಕೂರಿಸುವಂತಿಲ್ಲ. ಮೂವರು ಗಂಡುಮಕ್ಕಳಿದ್ದರೆ ಆಸ್ತಿ ನಾಲ್ಕು ಪಾಲಾಗಬೇಕು, ಹಿರಿಯನಿಗೆ ಎರಡು, ಉಳಿದವರಿಗೆ ಒಂದೊಂದು. ಕನ್ನಡ ಬೈಬಲ್ಲು ಇದನ್ನು 'ಚೊಚ್ಚಲತನದ ಹಕ್ಕು' ಅನ್ನುತ್ತದೆ. ಒಳ್ಳೆಯ ಮಾತು. ಆದರೆ ಚೊಚ್ಚಲು ಅಂದ ಕೂಡಲೇ ನಮಗೆ ತಾಯಿಯ ಹೆರಿಗೆ ನೆನಪಾಗುತ್ತದೆ. ಪಾಲಿನ ವಿಷಯದಲ್ಲಿ ಅಲ್ಲಿ ಲೆಕ್ಕ ಅಪ್ಪನದು, ಅವನ ಮೊದಲ ಮಗ ಯಾರು ಅನ್ನುವುದು.

ಈಗ ಮುಖ್ಯ ಗೊಂದಲ. ಹಕ್ಕು ಬೇರೆ, ಆಶೀರ್ವಾದ ಬೇರೆ, ದೇವರ ಆಯ್ಕೆ ಇನ್ನೂ ಬೇರೆ. ನಾವು ಮೂರನ್ನೂ ಕಲಸಿಬಿಡುತ್ತೇವೆ. ಹೀಬ್ರೂನಲ್ಲಿ ಹಕ್ಕು 'ಬೆಖೋರಾ', ಆಶೀರ್ವಾದ 'ಬೆರಾಖಾ'. ಅಕ್ಷರ ಹಿಂದುಮುಂದಾದರೆ ಒಂದು ಇನ್ನೊಂದಾಗುತ್ತದೆ. ಏಸಾವನೇ ಅಳುತ್ತಾ ಈ ಎರಡು ಪದಗಳನ್ನು ಜೋಡಿಸಿ ಹೇಳುತ್ತಾನೆ: ಅವತ್ತು ನನ್ನ ಬೆಖೋರಾ ತೆಗೆದುಕೊಂಡ, ಈಗ ಬೆರಾಖಾನೂ ತೆಗೆದುಕೊಂಡ.

ಹಕ್ಕು ಹೋದದ್ದು ಮೋಸದಿಂದಲ್ಲ, ವ್ಯಾಪಾರದಿಂದ. ಏಸಾವ ದಣಿದು ಬಂದ. ತಮ್ಮ ಬೇಳೆ ಬೇಯಿಸುತ್ತಿದ್ದ, ನಮ್ಮ ಚನ್ನಂಗಿ ಬೇಳೆ ಥರದ್ದು. ಅಣ್ಣನಿಗೆ ಅದರ ಹೆಸರೂ ಬಾಯಿಗೆ ಬರಲಿಲ್ಲ. 'ಆ ಕೆಂಪಗಿರೋದು, ಆ ಕೆಂಪಗಿರೋದು ಕೊಡು' ಅಂದ. ಮೊದಲು ಚೊಚ್ಚಲತನ ಮಾರು ಅಂದ ತಮ್ಮ, ಆಣೆಯನ್ನೂ ಹಾಕಿಸಿಕೊಂಡ. ಮುಂದೆ ಹೀಬ್ರೂನಲ್ಲಿ ಒಂದರ ಹಿಂದೊಂದು ನಾಲ್ಕು ಕ್ರಿಯಾಪದ ಬರುತ್ತವೆ: ತಿಂದ, ಕುಡಿದ, ಎದ್ದ, ಹೋದ. ನನಗೆ ಹೊಟ್ಟೆ ಉರಿಯುವುದು ಇಲ್ಲೇ. ತಿರುಗಿ ನೋಡಲೂ ಇಲ್ಲ ಮಹಾರಾಯ! ಇದು ಬರೀ ಕಥೆಯ ಉತ್ಪ್ರೇಕ್ಷೆ ಅನ್ನಿಸಬಹುದು. ಆದರೆ ಇರಾಕಿನ ಕಿರ್ಕುಕ್ ಹತ್ತಿರ, ನೂಝಿ ಅನ್ನುವ ಹಳೆ ಊರಿನಲ್ಲಿ ಸಿಕ್ಕ ಒಂದು ಮಣ್ಣಿನ ಹಲಗೆಯಲ್ಲಿ, ಒಬ್ಬ ಮೂರು ಕುರಿಗಳಿಗೆ ತನ್ನ ತೋಪಿನ ಪಾಲನ್ನು ಸಹೋದರನಿಗೆ ಬಿಟ್ಟುಕೊಟ್ಟ ದಾಖಲೆ ಇದೆ. ಅದು ಏಸಾವನ ಕಥೆಗೆ ಪುರಾವೆಯಲ್ಲ. ಅಂಥ ವ್ಯವಹಾರ ಆ ಕಡೆ ನಡೆಯುತ್ತಿತ್ತು ಅಷ್ಟೇ.

ಮೋಸ ಆದದ್ದು ಆಶೀರ್ವಾದದಲ್ಲಿ. ಕುರುಡ ಅಪ್ಪ ಇಸಾಕ, ಕೈಗೆ ಮೇಕೆಚರ್ಮ ಸುತ್ತಿಕೊಂಡ ಯಾಕೋಬ, ಹಿಂದೆ ನಿಂತು ಎಲ್ಲ ನಡೆಸಿದ ಅಮ್ಮ ರೆಬೆಕ್ಕ. ಮೈತುಂಬ ಕೂದಲಿದ್ದ ಏಸಾವನಂತೆ ನಟಿಸಿ, ಅಣ್ಣನಿಗೆ ಸಿಗಬೇಕಿದ್ದ ಆಶೀರ್ವಾದವನ್ನು ತಮ್ಮ ಪಡೆದುಕೊಂಡ.

ಆಯ್ಕೆ ಮಾತ್ರ ಇವೆರಡಕ್ಕಿಂತ ಮೊದಲೇ ಆಗಿತ್ತು. ಅವಳಿ ಮಕ್ಕಳು ಹೊಟ್ಟೆಯಲ್ಲಿದ್ದಾಗಲೇ ರೆಬೆಕ್ಕಳಿಗೆ 'ಹಿರಿಯನು ಕಿರಿಯನ ಸೇವೆ ಮಾಡುವನು' ಅಂತ ಮಾತು ಬಂದಿತ್ತು. ಅಂದಮೇಲೆ ಬೇಳೆಯೂ ಮೇಕೆಚರ್ಮವೂ ಕಾರಣವಲ್ಲ. ಅಣ್ಣಂದಿರ ತಪ್ಪೇನು ಅಂತ ಕೇಳಿದಿರಲ್ಲ, ಬಹಳ ಕಡೆ ಏನೂ ಇಲ್ಲ. ಯಾಕೋಬನ ಹಿರಿಮಗ ರೂಬೇನ್ ಅಪ್ಪನ ಉಪಪತ್ನಿ ಬಿಲ್ಹಾಳ ಜೊತೆ ಮಲಗಿ ಹಕ್ಕು ಕಳೆದುಕೊಂಡ, ಅದು ಸರಿ. ಆದರೆ ಇಸಾಕನ ಅಣ್ಣ ಇಷ್ಮಾಯೇಲ ಏನು ಮಾಡಿದ್ದ? ಯಾಕೋಬನ ಮೊಮ್ಮಗ, ಎಫ್ರಾಯೀಮನ ಅಣ್ಣ ಮನಸ್ಸೆ ಏನು ಮಾಡಿದ್ದ? ಮುಂದೆ ಅರಸನಾದ ದಾವೀದನ ಏಳು ಅಣ್ಣಂದಿರು, ಅರಸನನ್ನು ಆರಿಸಲು ಬಂದ ಪ್ರವಾದಿ ಸಮುವೇಲನ ಮುಂದೆ ಸಾಲಾಗಿ ಬಂದು ಸುಮ್ನೆ ವಾಪಸ್ ಹೋದರು.

ಗ್ರಂಥ ಕಾರಣ ಹೇಳುವುದಿಲ್ಲ, ಆದ್ದರಿಂದ ಇದು ನನ್ನ ಊಹೆ. ಈ ಕಥೆಗಳನ್ನು ಕಾಪಾಡಿಕೊಂಡು ಬಂದ ಜನ ಈಜಿಪ್ಟು, ಅಶ್ಶೂರದಂಥ ದೊಡ್ಡವರ ನಡುವೆ ಸಿಕ್ಕಿಕೊಂಡ ಸಣ್ಣ ಜನ. ಎಲ್ಲ ಜನಾಂಗಗಳಿಗಿಂತ ನೀವೇ ಕಡಿಮೆ ಇದ್ದಿರಿ ಅಂತ ಧರ್ಮೋಪದೇಶಕಾಂಡ ಅವರ ಮುಖಕ್ಕೇ ಹೇಳುತ್ತದೆ. ಅಂಥವರಿಗೇ ವಿಮೋಚನಕಾಂಡದಲ್ಲಿ 'ಇಸ್ರಾಯೇಲು ನನ್ನ ಚೊಚ್ಚಲ ಮಗ' ಎಂಬ ಮಾತು ಸಿಗುತ್ತದೆ. ಹುಟ್ಟಿನಿಂದ ಬಂದ ಹಿರಿತನವಲ್ಲ ಅದು, ಕೊಟ್ಟ ಹಿರಿತನ. ಇಸ್ರಾಯೇಲು ಅಂದರೆ ಯಾಕೋಬನ ವಂಶ, ಏಸಾವನ ವಂಶ ಅಂದರೆ ಪಕ್ಕದ ಎದೋಮ್ ನಾಡು. ಇಸ್ರಾಯೇಲಿಗಿಂತ ಮೊದಲೇ ಅಲ್ಲಿ ಅರಸರಿದ್ದರು ಅಂತ ಆದಿಕಾಂಡವೇ ಒಪ್ಪಿಕೊಳ್ಳುತ್ತದೆ. ಅವರು ನಿಜಕ್ಕೂ ಅಣ್ಣಂದಿರೇ.

ಇನ್ನು 'ಯಾವಾಗಲೂ' ಅಂದಿರಲ್ಲ, ಹಾಗೇನಿಲ್ಲ. ಯೆಹೂದದ ಅರಸ ಯೆಹೋಷಾಫಾಟ ತನ್ನ ಮಗ ಯೆಹೋರಾಮನಿಗೆ ಪಟ್ಟ ಕೊಟ್ಟದ್ದು ಚೊಚ್ಚಲು ಅನ್ನುವ ಒಂದೇ ಕಾರಣಕ್ಕೆ. ಆ ಮಹಾನುಭಾವ ಪಟ್ಟಕ್ಕೆ ಬಂದು ತಮ್ಮಂದಿರನ್ನೆಲ್ಲ ಕೊಂದ. ಅವನ ಕಾಲದಲ್ಲೇ ಎದೋಮ್ ದಂಗೆ ಎದ್ದು ಕೈತಪ್ಪಿ ಹೋಯಿತು. ಒಂದು ದಿನ ನೀನು ತಮ್ಮನ ನೊಗ ಮುರಿಯುವೆ ಅಂತ ಇಸಾಕ ಏಸಾವನಿಗೆ ಹೇಳಿದ್ದು ನೆನಪಿದೆಯಲ್ವಾ?

ನನ್ನ ಸಿಟ್ಟು ಇಳಿದದ್ದು ಕಥೆಯನ್ನು ಮುಂದಕ್ಕೆ ಓದಿದಾಗ. ಯಾಕೋಬ ಮಾವ ಲಾಬಾನನ ಊರಿಗೆ ಓಡಿದ. ಅವನ ಕಿರಿಮಗಳು ರಾಹೇಲಳನ್ನು ಮದುವೆಯಾಗಲು ಏಳು ವರ್ಷ ದುಡಿದ. ಮದುವೆಯ ರಾತ್ರಿ ಕಳೆದು ಬೆಳಗಾಗುವ ಹೊತ್ತಿಗೆ ಪಕ್ಕದಲ್ಲಿದ್ದವಳು ಅವಳ ಅಕ್ಕ ಲೇಯ. ಯಾಕೆ ಹೀಗೆ ಮಾಡಿದೆ ಅಂದರೆ ಮಾವನ ಉತ್ತರ: ಹಿರಿಯಳಿರುವಾಗ ಕಿರಿಯಳನ್ನು ಕೊಡುವುದು ನಮ್ಮ ಕಡೆ ಪದ್ಧತಿಯಲ್ಲ. ಲಾಬಾನ ಬಳಸುವ ಪದ ಚೊಚ್ಚಲು ಅನ್ನುವುದೇ!

ಇಪ್ಪತ್ತು ವರ್ಷದ ನಂತರ ಅಣ್ಣನನ್ನು ಎದುರಿಸಲು ಹೊರಟಾಗ ಯಾಕೋಬನಿಗೆ ನಡುಕ. ಮರಿಗಳನ್ನು ಲೆಕ್ಕಕ್ಕೆ ಹಿಡಿಯದೆ 550 ದನ, ಕುರಿ, ಮೇಕೆ, ಒಂಟೆ, ಕತ್ತೆಗಳನ್ನು ಮುಂದೆ ಕಳಿಸಿದ. 'ನಿನ್ನ ತಾಯಿಯ ಮಕ್ಕಳು ನಿನಗೆ ಅಡ್ಡಬೀಳಲಿ' ಅಂತ ಆಶೀರ್ವಾದ ಕದ್ದವನು ಏಳು ಸಲ ನೆಲಕ್ಕೆ ಬಾಗಿದ. ಅಣ್ಣನನ್ನು 'ಒಡೆಯ' ಅಂದ, ತನ್ನನ್ನು 'ದಾಸ' ಅಂದುಕೊಂಡ. ಏಸಾವ ಓಡಿಬಂದು ಅಪ್ಪಿಕೊಂಡ, ಇಬ್ಬರೂ ಅತ್ತರು. 'ನನಗೆ ಬೇಕಾದಷ್ಟಿದೆ ತಮ್ಮಾ, ನಿನ್ನದು ನಿನಗೇ ಇರಲಿ' ಅಂದ. ಯಾಕೋಬ ಬಿಡಲಿಲ್ಲ. ಅವನು ಒತ್ತಾಯ ಮಾಡುವಾಗ ಕಾಣಿಕೆಗೆ ಬಳಸಿದ ಪದ 'ಬೆರಾಖಾ'. ನನ್ನ ಬೆರಾಖಾ ತಗೋ ಅಂದ. ಕದ್ದದ್ದನ್ನೇ ವಾಪಸ್ ಕೊಟ್ಟಹಾಗೆ.

ಮುದುಕನಾದ ಮೇಲೆ, ಕಣ್ಣು ಮಂಜಾದ ಮೇಲೆ, ಯಾಕೋಬ ಈಜಿಪ್ಟಿನಲ್ಲಿ ಮೊಮ್ಮಕ್ಕಳನ್ನು ಆಶೀರ್ವದಿಸಲು ಕೂತ. ಕೈಗಳನ್ನು ಅಡ್ಡ ಹಾಯಿಸಿ ಹಿರಿಯನಿಗೆ ಸಲ್ಲಬೇಕಾದ ಬಲಗೈಯನ್ನು ಕಿರಿಯ ಎಫ್ರಾಯೀಮನ ತಲೆ ಮೇಲಿಟ್ಟ. ಆ ಮಕ್ಕಳ ಅಪ್ಪ ಯೋಸೇಫ ತಡೆಯಲು ಹೋದರೆ 'ಗೊತ್ತು ಮಗನೇ, ಗೊತ್ತು' ಅಂದ. ಈ ಸಲ ಮೇಕೆಚರ್ಮ ಬೇಕಾಗಲಿಲ್ಲ.

ಕೊನೆಗೊಂದು ಸಣ್ಣ ವಿಷಯ, ನೀವೇ ತೆಗೆದು ನೋಡಿ. ಇಸಾಕನ ಅಪ್ಪ ಅಬ್ರಹಾಮನನ್ನು ಮಣ್ಣು ಮಾಡಿದವರ ಹೆಸರು ಆದಿಕಾಂಡ 25ರಲ್ಲಿ 'ಇಸಾಕ, ಇಷ್ಮಾಯೇಲ' ಅಂತಿದೆ, ಕಿರಿಯ ಮೊದಲು. ಇಸಾಕನನ್ನು ಮಣ್ಣು ಮಾಡಿದವರ ಹೆಸರು 35ನೇ ಅಧ್ಯಾಯದ ಕೊನೆಯಲ್ಲಿದೆ. ಅಲ್ಲಿ 'ಏಸಾವ, ಯಾಕೋಬ' ಅಂತಿದೆ.