2000ರ ಅಮೆರಿಕ ಚುನಾವಣೆಯಲ್ಲಿ ಹೆಚ್ಚು ಮತ ಪಡೆದೂ ಅಲ್ ಗೋರ್ ಸೋತದ್ದು ಹೇಗೆ?

ಫ್ಲೋರಿಡಾ ರಾಜ್ಯವನ್ನು ಬರೀ 537 ಮತಗಳಿಂದ ಕಳೆದುಕೊಂಡದ್ದರಿಂದ. ಇಡೀ ದೇಶದ ಲೆಕ್ಕದಲ್ಲಿ ಗೋರ್ ಅವರಿಗೆ ಜಾರ್ಜ್ ಬುಷ್ ಅವರಿಗಿಂತ ಐದು ಲಕ್ಷಕ್ಕೂ ಹೆಚ್ಚು ಮತ ಬಿದ್ದಿದ್ದವು. ಆದರೆ ಅಲ್ಲಿ ಅಧ್ಯಕ್ಷರನ್ನು ಆರಿಸುವುದು ಎಲೆಕ್ಟೋರಲ್ ಕಾಲೇಜ್ ಎಂಬ 538 ಮಂದಿಯ ಮತದಾರ ಮಂಡಲ. ಬಹುತೇಕ ರಾಜ್ಯಗಳಲ್ಲಿ ಒಂದೇ ಮತದಿಂದ ಗೆದ್ದರೂ ಆ ರಾಜ್ಯದ ಪಾಲಿನ ಅಷ್ಟೂ ಸ್ಥಾನ ಗೆದ್ದವರಿಗೇ. ಫ್ಲೋರಿಡಾದ 25 ಸ್ಥಾನ ಸೇರಿ ಬುಷ್ 271 ಮುಟ್ಟಿದರು; ಬೇಕಿದ್ದದ್ದು 270.

ಇಷ್ಟು ಸಣ್ಣ ಅಂತರವಾದ್ದರಿಂದ ಮತಪತ್ರವೇ ದೊಡ್ಡ ಪ್ರಶ್ನೆಯಾಯಿತು. ಅಲ್ಲಿನ ಹಲವು ಕೌಂಟಿಗಳಲ್ಲಿ, ಅಂದರೆ ನಮ್ಮ ಜಿಲ್ಲೆಗಳಂಥ ವಿಭಾಗಗಳಲ್ಲಿ, ಗಟ್ಟಿ ಕಾರ್ಡನ್ನು ಕಡ್ಡಿಯಿಂದ ಚುಚ್ಚಿ ತೂತು ಮಾಡಬೇಕಿತ್ತು. ಆ ಚೂರು ಪೂರ್ತಿ ಉದುರದೆ ಮೂಲೆಯಲ್ಲಿ ನೇತಾಡುತ್ತಿದ್ದರೆ ಯಂತ್ರ ಅದನ್ನು ಎಣಿಸದೇ ಬಿಡಬಹುದಿತ್ತು. ಅಧಿಕಾರಿಗಳು ಒಂದೊಂದೇ ಕಾರ್ಡನ್ನು ಬೆಳಕಿಗೆ ಹಿಡಿದು, ಭೂತಗನ್ನಡಿಯಲ್ಲಿ ನೋಡುತ್ತ ಕೂತರು. ಸಾಲಿನಲ್ಲಿ ನಿಂತು ಹಾಕಿದ ಮತ ಒಂದು ಕಾಗದದ ಚೂರಿಗೆ ಸಿಕ್ಕಿಬಿದ್ದದ್ದು ನನಗೆ ಈಗಲೂ ಸಂಕಟದ ಸಂಗತಿ.

ಫ್ಲೋರಿಡಾದ ಸುಪ್ರೀಂ ಕೋರ್ಟ್ ರಾಜ್ಯವಿಡೀ ಮರುಎಣಿಕೆಗೆ ಆದೇಶಿಸಿತ್ತು. ಡಿಸೆಂಬರ್ 12ರಂದು ಅಮೆರಿಕದ ಸುಪ್ರೀಂ ಕೋರ್ಟ್ 5-4ರ ತೀರ್ಪಿನಿಂದ ಅದಕ್ಕೆ ತೆರೆ ಎಳೆಯಿತು. ಮರುದಿನ ಗೋರ್ ಸೋಲೊಪ್ಪಿಕೊಂಡರು. ಚುಚ್ಚುವ ಕಾರ್ಡುಗಳನ್ನು ಬದಲಾಯಿಸಲು ರಾಜ್ಯಗಳಿಗೆ ಹಣ ಕೊಡುವ ಕಾನೂನು 2002ರಲ್ಲಿ ಬಂತು.