ಎರಡು ಟ್ಯೂಬ್ಯುಲರ್ ಬ್ಯಾಟರಿ ಸಾಕೋ, ಲಿಥಿಯಂ ಹಾಕಿಸಬೇಕೋ?

ನೀವು ಕೇಳಿದ್ದು ಇಷ್ಟು: ಬಾಗಲಕೋಟೆ ನವನಗರದಲ್ಲಿ ಹೊಸ ಮನೆ. ತಂದೆಯವರಿಗೆ ರಾತ್ರಿ 5 ಲೀಟರಿನ ಆಕ್ಸಿಜನ್ ಮಷಿನ್ ನಡೀಬೇಕು, ಜೊತೆಗೆ ಮೂರು ಫ್ಯಾನು, ಆರು ಎಲ್‌ಇಡಿ ಬಲ್ಬು, ವೈಫೈ. ಒಂದು ಅಂಗಡಿಯವರು 150 ಎಎಚ್‌ನ (ಆಂಪಿಯರ್ ಅವರ್, ಬ್ಯಾಟರಿಯ ಅಳತೆ) ಎರಡು ಟ್ಯೂಬ್ಯುಲರ್, ಅಂದ್ರೆ ನೀರು ಹಾಕೋ ಸೀಸದ ಬ್ಯಾಟರಿ, ಸಾಕು ಅಂತಾರೆ. ಇನ್ನೊಬ್ಬರು 5 ಕಿಲೋವ್ಯಾಟ್ ಅವರ್ ಲಿಥಿಯಂ ಅಂತಾರೆ. ಸೋಲಾರ್‌ನವರು 3 ಕಿಲೋವ್ಯಾಟ್ ಪ್ಯಾನಲ್ ಹಾಕಿಸಿದ್ರೆ ಬ್ಯಾಟರಿಯ ಗೊಡವೆಯೇ ಬೇಡ ಅಂತಾರೆ. ಯಾರ ಮಾತು ಕೇಳೋದು?

ನಾನು ವಿಜಯಪುರದವನು, ವೈರಿಂಗ್ ಮತ್ತು ಇನ್ವರ್ಟರ್ ರಿಪೇರಿ ನನ್ನ ಉದ್ಯೋಗ. ಕೂಡಗಿಯಲ್ಲಿ 2400 ಮೆಗಾವ್ಯಾಟ್, ಆಲಮಟ್ಟಿಯಲ್ಲಿ 290 ಮೆಗಾವ್ಯಾಟಿನ ಘಟಕ ಇರೋ ಸೀಮೆಯಲ್ಲಿ ಇನ್ವರ್ಟರ್ ರಿಪೇರಿಯಿಂದ ಹೊಟ್ಟೆ ತುಂಬುತ್ತೆ ಅಂದ್ರೆ ಪರಊರಿನವರು ನಗ್ತಾರೆ. ಆದರೆ ವಿದ್ಯುತ್ ಎಲ್ಲಿ ತಯಾರಾದರೇನು, ಮೇ ತಿಂಗಳ ಗಾಳಿ-ಮಳೆಗೆ ನಿಮ್ಮ ಓಣಿಯ ಟಿಸಿ (ಟ್ರಾನ್ಸ್‌ಫಾರ್ಮರ್) ಟ್ರಿಪ್ ಆದ್ರೆ ಕತ್ತಲೆ ಕತ್ತಲೆಯೇ.

ಮೊದಲು ಸೋಲಾರ್‌ನವರ ಮಾತು. ಅದನ್ನ ನಂಬಬೇಡಿ. ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ ಬರೋದು ಖರೆ, ನಮ್ಮ ಕಡೆ ಬಿಸಿಲಿಗೇನೂ ಬರವಿಲ್ಲ, ಕಿಲೋವ್ಯಾಟಿಗೆ ದಿನಕ್ಕೆ ಸುಮಾರು 4 ಯೂನಿಟ್ ಬರೋದೂ ಖರೆ. ಆದರೆ ಆ ಯೋಜನೆಯಲ್ಲಿ ಸಾಮಾನ್ಯವಾಗಿ ಕೂಡಿಸೋದು ಆನ್-ಗ್ರಿಡ್ ಇನ್ವರ್ಟರ್. ಲೈನಿನಲ್ಲಿ ಕರೆಂಟ್ ಹೋದ ಕೂಡಲೇ ಅದೂ ಬಂದ್ ಆಗುತ್ತೆ, ನಡು ಮಧ್ಯಾಹ್ನ ಸುಡುಬಿಸಿಲಿದ್ದರೂ ಸಹ. ಕೆಟ್ಟು ಬಂದ್ ಆಗೋದಲ್ಲ, ಹಾಗೇ ಮಾಡಿರ್ತಾರೆ. ಕಂಬ ಹತ್ತಿ ರಿಪೇರಿ ಮಾಡ್ತಿರೋ ಲೈನ್‌ಮನ್‌ಗೆ ನಿಮ್ಮ ಮಾಳಿಗೆ ಮೇಲಿನ ಕರೆಂಟ್ ಹೊಡೀಬಾರದಲ್ಲ. ಪ್ಯಾನಲ್ ಇದ್ದೂ ಕತ್ತಲೆಯಲ್ಲಿ ಕೂರಬಾರದು ಅಂದ್ರೆ ಹೈಬ್ರಿಡ್ ಇನ್ವರ್ಟರ್ ಬೇಕು, ಅದಕ್ಕೆ ಬ್ಯಾಟರಿ ಬೇಕೇ ಬೇಕು. ಬ್ಯಾಟರಿಗೆ ಆ ಸಬ್ಸಿಡಿ ಇಲ್ಲ. ಮೇಲಾಗಿ ನಿಮ್ಮ ಮಷಿನ್ ನಡೆಯೋದು ರಾತ್ರಿ. ಸೋಲಾರ್ ಹಾಕಿಸಿ, ಬಿಲ್ ಇಳಿಯುತ್ತೆ, ಆದರೆ ಅದು ಬೇರೆ ಲೆಕ್ಕ.

ಈಗ ಬ್ಯಾಟರಿ. ಅಂಗಡಿಯಲ್ಲಿ ಮಾತು ಶುರುವಾಗೋದೇ "150 ಬೇಕೋ 200 ಬೇಕೋ" ಅಂತ. ನೀವು ಆ ಕಡೆಯಿಂದ ಶುರು ಮಾಡಬೇಡಿ, ವ್ಯಾಟ್ ಮತ್ತು ತಾಸಿನಿಂದ ಶುರು ಮಾಡಿ. 5 ಲೀಟರಿನ ಆಕ್ಸಿಜನ್ ಮಷಿನ್ ಸುಮಾರು 350 ವ್ಯಾಟ್ ಎಳೆಯುತ್ತೆ, ನಿಖರ ಸಂಖ್ಯೆ ಅದರ ಹಿಂದಿನ ಚೀಟಿಯಲ್ಲಿರುತ್ತೆ. ಹಳೇ ನಮೂನೆ ಫ್ಯಾನು ತಲಾ 75, ಮೂರಕ್ಕೆ 225. ಬಲ್ಬು ತಲಾ 9, ಆರಕ್ಕೆ 54. ವೈಫೈ ಒಂದು ಹತ್ತು-ಹನ್ನೆರಡು. ಒಟ್ಟು 640 ವ್ಯಾಟ್ ಚಿಲ್ಲರೆ. ಮೂರೂ ಫ್ಯಾನು ಬಿಎಲ್‌ಡಿಸಿ (ಕಡಿಮೆ ಕರೆಂಟ್ ತಿನ್ನೋ ಹೊಸ ನಮೂನೆ ಮೋಟರಿನವು) ಹಾಕಿಸಿದ್ರೆ ತಲಾ 30ರಲ್ಲಿ ಮುಗಿಯುತ್ತೆ, ಒಟ್ಟು 500ರ ಆಸುಪಾಸಿಗೆ ಇಳಿಯುತ್ತೆ. ಹೊಸ ಮನೆ ಅಂದ್ರಲ್ಲ, ಬ್ಯಾಟರಿಗೆ ರೊಕ್ಕ ಹಾಕೋ ಮುಂಚೆ ಫ್ಯಾನಿಗೆ ಹಾಕಿ. ಕಡಿಮೆ ಖರ್ಚಿನಲ್ಲಿ ಬ್ಯಾಕಪ್ ಬೆಳೆಸೋ ದಾರಿ ಅದೊಂದೇ.

500 ವ್ಯಾಟ್ ಲೋಡಿಗೆ ಇನ್ವರ್ಟರ್ ತಾನು ತಿನ್ನೋದನ್ನೂ ಸೇರಿಸಿದ್ರೆ ಬ್ಯಾಟರಿಯಿಂದ 575 ಹೋಗುತ್ತೆ ಅಂತ ಹಿಡೀರಿ. 12 ವೋಲ್ಟಿನ 150 ಎಎಚ್ ಬ್ಯಾಟರಿ ಎರಡು ಅಂದ್ರೆ ಕಾಗದದ ಮೇಲೆ 3600 ವ್ಯಾಟ್ ಅವರ್. ಭಾಗಿಸಿದ್ರೆ ಆರು ತಾಸು ಬರುತ್ತೆ, ಅಂಗಡಿಯವರೂ ಅದನ್ನೇ ಹೇಳಿರ್ತಾರೆ. ಆದರೆ ಬ್ಯಾಟರಿ ಮೈಮೇಲೆ ಸಿ20 ಅಂತ ಸಣ್ಣಕ್ಷರದಲ್ಲಿ ಬರೆದಿರುತ್ತೆ ನೋಡಿ. 20 ತಾಸು ನಿಧಾನವಾಗಿ, ಅಂದ್ರೆ 7.5 ಆಂಪಿಯರ್‌ನಂತೆ ಎಳೆದ್ರೆ ಮಾತ್ರ 150 ಸಿಗೋದು. ಎರಡೂ ಸೇರಿ 24 ವೋಲ್ಟ್, ಹಾಗಾಗಿ 575 ವ್ಯಾಟಿಗೆ ನೀವು ಎಳೆಯೋದು 24 ಆಂಪಿಯರ್. ಸೀಸದ ಬ್ಯಾಟರಿ ಎಮ್ಮೆ ಇದ್ದ ಹಾಗೆ, ಅವಸರ ಮಾಡಿದಷ್ಟೂ ಹಾಲು ಕಡಿಮೆ ಕೊಡುತ್ತೆ. ಮುಕ್ಕಾಲು ಪಾಲು ಸಿಕ್ರೆ ಪುಣ್ಯ, ಅದನ್ನೂ ತಳ ಕಾಣೋವರೆಗೆ ಖಾಲಿ ಮಾಡಬಾರದು. ಹೊಸದರಲ್ಲಿ ನಾಲ್ಕು ತಾಸು ಅಂತ ಹಿಡೀರಿ, ಎರಡು ಬೇಸಿಗೆ ಕಳೆದ ಮೇಲೆ ಅಷ್ಟೂ ಇಲ್ಲ.

ಲಿಥಿಯಂದು 51.2 ವೋಲ್ಟ್, 100 ಎಎಚ್ ಅಂದ್ರೆ 5120 ವ್ಯಾಟ್ ಅವರ್. ಅದರಲ್ಲಿ ಶೇಕಡಾ 90ರಷ್ಟು ಧೈರ್ಯವಾಗಿ ಬಳಸಬಹುದು, ಜೋರಾಗಿ ಎಳೆದ್ರೂ ಹೆಚ್ಚು ಕಡಿಮೆ ಅಷ್ಟೇ ಕೊಡುತ್ತೆ. ನಿಮ್ಮ ಲೋಡಿಗೆ ಎಂಟು ತಾಸು. ರಾತ್ರಿ ಹತ್ತಕ್ಕೆ ಹೋದ ಕರೆಂಟ್ ಬೆಳಗಿನ ಆರಕ್ಕೆ ಬಂದ್ರೂ ಮಷಿನ್ ನಿಲ್ಲೋದಿಲ್ಲ.

ಇಷ್ಟು ಓದಿ ಲಿಥಿಯಂ ಕಡೆಗೇ ವಾಲಿದೆ ಅನಿಸಿದ್ರೆ, ನಿಮ್ಮ ಮನೆಯ ಮಟ್ಟಿಗೆ ಹೌದು, ಎಲ್ಲರಿಗೂ ಅಲ್ಲ. ಟ್ಯೂಬ್ಯುಲರ್ ಜೋಡಿಗಿಂತ ಈ ಅಳತೆಯ ಲಿಥಿಯಂಗೆ ಎರಡೂವರೆ-ಮೂರು ಪಟ್ಟು ರೊಕ್ಕ ಬೀಳುತ್ತೆ. ವಾರಕ್ಕೆರಡು ಸಲ, ಒಂದೊಂದು ತಾಸು ಕರೆಂಟ್ ಹೋಗೋ ಮನೆಗೆ, ಫ್ಯಾನು-ಲೈಟು ಮಾತ್ರ ನಡೆದ್ರೆ ಸಾಕು ಅನ್ನೋರಿಗೆ ನಾನು ಕಣ್ಣು ಮುಚ್ಚಿ ಟ್ಯೂಬ್ಯುಲರ್ ಹೇಳ್ತೇನೆ. "6000 ಸೈಕಲ್ ಬರುತ್ತೆ ಸರ್" ಅಂತ ಲಿಥಿಯಂ ಮಾರೋರು ಹೇಳ್ತಾರಲ್ಲ, ಒಂದು ಸಲ ಖಾಲಿಯಾಗಿ ತುಂಬಿದ್ರೆ ಒಂದು ಸೈಕಲ್, ವಾರಕ್ಕೆರಡರ ಲೆಕ್ಕದಲ್ಲಿ ಅದು 57 ವರ್ಷ ಆಗುತ್ತೆ. ಅಷ್ಟು ಕಾಲ ಒಳಗಿನ ಎಲೆಕ್ಟ್ರಾನಿಕ್ ಬೋರ್ಡ್ ಬಾಳೋದಿಲ್ಲ. ಬಳಸದೇ ಇಟ್ಟ ಬ್ಯಾಟರಿಗೂ ವಯಸ್ಸಾಗುತ್ತೆ. ಇನ್ನೊಂದು, ಟ್ಯೂಬ್ಯುಲರ್ ಸತ್ತರೂ ಸೀಸದ ತೂಕಕ್ಕೆ ಬೆಲೆ ಇದೆ, ಹಳೇದು ಕೊಟ್ಟು ಹೊಸದು ತರುವಾಗ ಒಂದಿಷ್ಟು ಮುರಿದುಕೊಳ್ತಾರೆ. ಸತ್ತ ಲಿಥಿಯಂ ಅಂಗಡಿಗೆ ಒಯ್ದರೆ ಮುಖ ತಿರುಗಿಸ್ತಾರೆ.

ಹಾಗಾದ್ರೆ ನಿಮಗ್ಯಾಕೆ ಲಿಥಿಯಂ? ತಾಸಿನ ಲೆಕ್ಕ ಒಂದೇ ಅಲ್ಲ, ತಿರುಗಿ ತುಂಬೋ ವೇಗವೂ ಇದೆ. ಟ್ಯೂಬ್ಯುಲರ್‌ಗೆ ಅದರ ಎಎಚ್‌ನ ಶೇಕಡಾ 10-15ಕ್ಕಿಂತ ಹೆಚ್ಚು ಆಂಪಿಯರ್ ಕೊಡಬಾರದು, ಪೂರ್ತಿ ಖಾಲಿಯಾದ್ರೆ ತುಂಬೋಕೆ ಹತ್ತು-ಹನ್ನೆರಡು ತಾಸು ಬೇಕು. ಗಾಳಿ-ಮಳೆಯ ದಿನ ಕರೆಂಟ್ ಹೋಗುತ್ತೆ, ಎರಡು ತಾಸು ಬರುತ್ತೆ, ಮತ್ತೆ ಹೋಗುತ್ತೆ. ಆಗ ಸೀಸದ ಬ್ಯಾಟರಿ ಅರೆಹೊಟ್ಟೆಯಲ್ಲೇ ಕೆಲಸಕ್ಕೆ ನಿಲ್ಲುತ್ತೆ. ಹಾಗೆ ಪದೇ ಪದೇ ಅರ್ಧ ತುಂಬಿ ಅರ್ಧ ಬಿಟ್ಟರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿ ಕೂತು ಸಾಮರ್ಥ್ಯ ಖಾಯಂ ಆಗಿ ಇಳಿದುಬಿಡುತ್ತೆ. ಲಿಥಿಯಂಗೆ ಅರ್ಧ ತುಂಬಿರೋದು ಬಾಧೆಯೇ ಅಲ್ಲ, 100 ಎಎಚ್‌ಗೆ 50 ಆಂಪಿಯರ್ ಕೊಡೋ ಚಾರ್ಜರ್ ಇದ್ದರೆ ಎರಡು-ಎರಡೂವರೆ ತಾಸಿಗೆ ತುಂಬಿ ಕೂರುತ್ತೆ. ಚಾರ್ಜರ್ ಇದ್ದರೆ, ಆ ಮಾತು ಮುಖ್ಯ. ಹತ್ತು-ಹದಿನೈದು ಆಂಪಿಯರ್ ಕೊಡೋ ಮಾಮೂಲಿ ಇನ್ವರ್ಟರಿಗೆ ಲಿಥಿಯಂ ಕಟ್ಟಿದ್ರೆ ಈ ಲಾಭ ಸಿಗೋದಿಲ್ಲ.

ಇನ್ನು ನಮ್ಮ ಭಾಗದ ದೊಡ್ಡ ಶತ್ರು ಸೆಕೆ. ಸೀಸದ ಬ್ಯಾಟರಿಯ ಆಯುಷ್ಯ ಲೆಕ್ಕ ಹಾಕೋದು 25-27 ಡಿಗ್ರಿಗೆ. ಅಲ್ಲಿಂದ 10 ಡಿಗ್ರಿ ಏರಿದ್ರೆ ಆಯುಷ್ಯ ಹತ್ತಿರ ಹತ್ತಿರ ಅರ್ಧ. ಬಾಗಲಕೋಟೆ, ವಿಜಯಪುರದಲ್ಲಿ ಏಪ್ರಿಲ್-ಮೇಯಲ್ಲಿ 40 ದಾಟೋದು ಹೊಸ ಸುದ್ದಿ ಅಲ್ಲ. ಅಂಥದ್ದರಲ್ಲಿ ಮಾಳಿಗೆ ಮೇಲೆ, ಮೆಟ್ಟಿಲು ಮುಗಿಯೋ ಕಡೆ ತಗಡಿನ ಕೋಣೆಯಲ್ಲಿ ಬ್ಯಾಟರಿ ಇಡಿಸ್ತಾರೆ, ಮನೆಯೊಳಗೆ ಚೆಂದ ಕಾಣೋದಿಲ್ಲ ಅಂತ. ಅಂಥ ಒಂದು ಮನೆಗೆ ಹೋದ ಬೇಸಿಗೆ ಹೋಗಿದ್ದೆ. ಟರ್ಮಿನಲ್ ಮೇಲೆ ಹಸಿರು-ಬಿಳಿ ಪುಡಿ ಹೂವಿನಂತೆ ಅರಳಿತ್ತು. ನೀರಿನ ಮಟ್ಟ ತೋರಿಸೋ ಆರೂ ಕಡ್ಡಿ ಕೆಳಗೆ ಕೂತಿದ್ದವು. ಮುಚ್ಚಳ ಬಿಚ್ಚಿ ಹೈಡ್ರೋಮೀಟರ್ (ಆಸಿಡ್ ಎಳೆದು ಅದರ ಗಟ್ಟಿತನ ಅಳೆಯೋ ಕೊಳವೆ) ಇಳಿಸಿದ್ರೆ ಎಳೆಯೋಕೆ ಆಸಿಡ್ಡೇ ಇಲ್ಲ. ಮನೆಯ ಅಜ್ಜಿ ಬಾಗಿಲಲ್ಲಿ ನಿಂತು, "ತಮ್ಮಾ, ನೀರ ಹಾಕ್ತೀವಲ್ಲೋ, ಹೋದ ತಿಂಗಳನ ಫಿಲ್ಟರಿಂದ ತುಂಬಿ ಹಾಕೀನಿ" ಅಂದ್ರು. ಫಿಲ್ಟರ್ ನೀರು ಕುಡಿಯೋಕೆ ಅಡ್ಡಿಯಿಲ್ಲ, ಬ್ಯಾಟರಿಗೆ ನಡೆಯೋದಿಲ್ಲ. ಆರ್‌ಓ ನೀರಿನಲ್ಲೂ ಉಪ್ಪಿನಂಶ ಉಳಿದಿರುತ್ತೆ, ನಮ್ಮ ಬೋರ್ ನೀರಂತೂ ಕೇಳಲೇಬೇಡಿ. ಡಿಸ್ಟಿಲ್ಡ್ ವಾಟರ್ ಮಾತ್ರ, ಅದೂ ಗುರುತಿನ ಗೆರೆಯವರೆಗೆ. ಮನೆಯಲ್ಲಿ ಆ ಕೆಲಸ ನೆನಪಿಟ್ಟು ಮಾಡೋರು ಯಾರೂ ಇಲ್ಲ ಅಂದ್ರೆ ಅದೂ ಲಿಥಿಯಂ ಪರವಾಗಿರೋ ಒಂದು ಕಾರಣ.

ಸೆಕೆ ಲಿಥಿಯಂಗೂ ಆಗೋದಿಲ್ಲ, ಆ ತಗಡಿನ ಕೋಣೆಯಲ್ಲಿ ಅದನ್ನೂ ಇಡಬೇಡಿ. ತೀರ ಕಾದ್ರೆ ಅದರೊಳಗಿನ ಬಿಎಂಎಸ್ (ಬ್ಯಾಟರಿ ಕಾಯೋ ಎಲೆಕ್ಟ್ರಾನಿಕ್ ಬೋರ್ಡ್) ತಾನೇ ಕಟ್ ಮಾಡಿ ಕೂರುತ್ತೆ, ನಿಮಗೆ ಬೇಕಾದ ಹೊತ್ತಿಗೇ ಕೈ ಕೊಡುತ್ತೆ. ಕೆಳಮನೆಯಲ್ಲಿ, ಬಿಸಿಲು ಬೀಳದ ಉತ್ತರದ ಗೋಡೆಗೆ, ಗಾಳಿ ಆಡೋ ಕಡೆ ಇಡಿ. ಟ್ಯೂಬ್ಯುಲರ್ ಆದ್ರೆ ತಂದೆಯವರು ಮಲಗೋ ಕೋಣೆ ಬೇಡವೇ ಬೇಡ, ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತೆ. ಆಕ್ಸಿಜನ್ ಮಷಿನ್ ಇರೋ ಕೋಣೆಯಲ್ಲಂತೂ ಕಿಡಿ ಹಾರೋ ಯಾವ ವಸ್ತುವೂ ಇರಬಾರದು.

ಲಿಥಿಯಂನಲ್ಲೂ ಜಾತಿ ಇವೆ. ಮನೆಗೆ ಎಲ್‌ಎಫ್‌ಪಿ, ಅಂದ್ರೆ ಲಿಥಿಯಂ ಐರನ್ ಫಾಸ್ಫೇಟ್ ಮಾತ್ರ ತೊಗೊಳ್ಳಿ. ಎನ್‌ಎಂಸಿ ಅನ್ನೋ ಇನ್ನೊಂದು ಜಾತಿಗಿಂತ ಭಾರ, ಆದರೆ ಬೆಂಕಿಯ ಭಯ ಬಹಳ ಕಡಿಮೆ, ಗೋಡೆಗೆ ನಿಂತ ಬ್ಯಾಟರಿಗೆ ಭಾರ ಇದ್ರೇನು. ಹಳೇ ಗಾಡಿಗಳಿಂದ ತೆಗೆದ ಸೆಲ್ ಕೂಡಿಸಿ "ಅರ್ಧ ರೇಟಿಗೆ ಲಿಥಿಯಂ" ಅಂತ ಕೊಡೋರಿದ್ದಾರೆ, ಆ ಕಡೆ ತಲೆ ಹಾಕಿಯೂ ಮಲಗಬೇಡಿ. ಯೂಟ್ಯೂಬ್ ನೋಡಿ ಟೆಸ್ಲಾ ಪವರ್‌ವಾಲ್ ಕೇಳೋರೂ ಬರ್ತಾರೆ. 13.5 ಕಿಲೋವ್ಯಾಟ್ ಅವರ್, ಚೆಂದದ ವಸ್ತು, ಆದರೆ ಅದು ಅಮೆರಿಕದ ಮನೆಯ ಲೆಕ್ಕ. ನಿಮ್ಮ ಲೋಡಿಗೆ ಅಷ್ಟು ಬೇಡ.

ಇನ್ವರ್ಟರ್ ವಿಷಯದಲ್ಲಿ ಎರಡು ಮಾತು. ಪ್ಯೂರ್ ಸೈನ್ ವೇವ್ (ಲೈನಿನ ಕರೆಂಟಿನಂಥದ್ದೇ ನಯವಾದ ಅಲೆ) ಇರಲೇಬೇಕು, ಸ್ಕ್ವೇರ್ ವೇವ್‌ನಲ್ಲಿ ಆಕ್ಸಿಜನ್ ಮಷಿನ್‌ನ ಕಂಪ್ರೆಸರ್ ಗುಂಯ್‌ಗುಟ್ಟಿ ಬಿಸಿಯಾಗುತ್ತೆ. ಎರಡನೇದು, "ಈಗ ಟ್ಯೂಬ್ಯುಲರ್ ಹಾಕ್ಸಿ, ಮುಂದೆ ಲಿಥಿಯಂಗೆ ಬದಲಿಸೋಣ" ಅಂತ ಹೇಳಿದ್ರೆ ವೋಲ್ಟೇಜ್ ಕೇಳಿ. ಎರಡು ಟ್ಯೂಬ್ಯುಲರ್‌ಗೆ ಕೊಡೋದು 24 ವೋಲ್ಟಿನ ಇನ್ವರ್ಟರ್, 51.2 ವೋಲ್ಟಿನ ಪ್ಯಾಕ್ ಅದಕ್ಕೆ ಕೂಡೋದಿಲ್ಲ. 24ರಲ್ಲೇ ಉಳೀಬೇಕಾದ್ರೆ 25.6 ವೋಲ್ಟ್, 200 ಎಎಚ್ ಪ್ಯಾಕ್ ಕೇಳಿ, ಅದೂ 5120 ವ್ಯಾಟ್ ಅವರ್ರೇ. ಇನ್ವರ್ಟರಿನಲ್ಲಿ ಲಿಥಿಯಂ ಮೋಡ್ ಇರಲಿ. ಫ್ರಿಜ್ಜನ್ನೂ ಈ ಲೈನಿಗೆ ಹಾಕೋ ಆಸೆ ಇದ್ರೆ, ಅದು ಓಡುವಾಗ 150 ವ್ಯಾಟ್ ಆದ್ರೂ ಶುರುವಾಗೋ ಕ್ಷಣ ಹಲವು ಪಟ್ಟು ಎಳೆಯುತ್ತೆ, ಬಿಎಂಎಸ್ ಎಷ್ಟು ಆಂಪಿಯರ್ ತಡೆಯುತ್ತೆ ಅಂತ ಮೊದಲೇ ವಿಚಾರಿಸಿ. ನೀರಿನ ಮೋಟರ್ ಮಾತ್ರ ಬೇಡ, ಟಾಕಿ ತುಂಬಿಸಿಟ್ಟುಕೊಳ್ಳಿ.

ಗೃಹಜ್ಯೋತಿ ಇದ್ರೆ ಇದನ್ನೂ ಗಮನಿಸಿ. ಕರೆಂಟ್ ಹೋಗದ ದಿನವೂ ಇನ್ವರ್ಟರ್ ಸುಮ್ಮನೆ ಕೂತು 20 ವ್ಯಾಟ್‌ನಷ್ಟು ತಿನ್ನುತ್ತೆ, ತಿಂಗಳಿಗೆ 14 ಯೂನಿಟ್ ಹತ್ತಿರ ಆಯ್ತು. ಆಕ್ಸಿಜನ್ ಮಷಿನ್ ರಾತ್ರಿ ಎಂಟು ತಾಸು ನಡೆದ್ರೆ ಅದೇ ತಿಂಗಳಿಗೆ 84 ಯೂನಿಟ್. 200 ದಾಟಿದ್ರೆ ಪೂರ್ತಿ ಬಿಲ್ಲು ಕಟ್ಟಬೇಕು.

ಯಾವ ಬ್ಯಾಟರಿ ಹಾಕಿಸಿದ್ರೂ ಮಷಿನ್ ಪಕ್ಕ ಒಂದು ಸಣ್ಣ ಆಕ್ಸಿಜನ್ ಸಿಲಿಂಡರ್ ತುಂಬಿಸಿ ಇಡಿ, ಎಷ್ಟು ಲೀಟರ್ ಹರಿವು ಅಂತ ಡಾಕ್ಟರ್ ಹತ್ತಿರ ಬರೆಸಿಕೊಳ್ಳಿ. ಬ್ಯಾಟರಿ ಕೆಟ್ಟರೆ ರಾತ್ರಿ ಎರಡಕ್ಕೆ ನನ್ನಂಥೋರು ಯಾರೂ ಫೋನ್ ಎತ್ತೋದಿಲ್ಲ. ಕೂಡಿಸಿದ ದಿನವೇ, ಅಂಗಡಿಯ ಹುಡುಗ ಇದ್ದಾಗಲೇ, ಮೇನ್ ಸ್ವಿಚ್ ಇಳಿಸಿ ಪೂರ್ತಿ ಲೋಡ್ ಹಾಕಿ ನೋಡಿ. ಮಷಿನ್ ನಿಲ್ಲದೆ ಬದಲಾಯ್ತೋ ಇಲ್ಲೋ ಅಲ್ಲೇ ಗೊತ್ತಾಗುತ್ತೆ. ಆಮೇಲೊಂದು ಹಗಲು ತಂದೆಯವರಿಗೆ ಮಷಿನ್ ಬೇಡದ ಹೊತ್ತಲ್ಲಿ ಖಾಲಿಯಾಗೋವರೆಗೆ ಓಡಿಸಿ, ಎಷ್ಟು ತಾಸು ಬಂತು ಅಂತ ವಾರಂಟಿ ಕಾರ್ಡಿನ ಹಿಂದೆ ತಾರೀಖು ಸಮೇತ ಬರೆದಿಡಿ. ವಾರಂಟಿ 36+24 ಅಂತ ಇದ್ರೆ ಪುಕ್ಕಟೆ ಬದಲಿಸಿಕೊಡೋದು ಮೊದಲ 36 ತಿಂಗಳು ಮಾತ್ರ, ಉಳಿದ 24ರಲ್ಲಿ ಹೊಸದರ ಬೆಲೆಯಲ್ಲಿ ಒಂದಿಷ್ಟು ಬಿಡ್ತಾರೆ ಅಷ್ಟೇ.

ಮಷಿನ್ ಹಿಂದಿನ ಚೀಟಿಯಲ್ಲಿ ಎಷ್ಟು ವ್ಯಾಟ್ ಅಂತ ಇದೆ, ನಿಮ್ಮ ಓಣಿಯಲ್ಲಿ ಒಮ್ಮೆ ಹೋದ ಕರೆಂಟ್ ಹೆಚ್ಚೆಂದರೆ ಎಷ್ಟು ತಾಸಿಗೆ ಬರುತ್ತೆ, ಇವೆರಡು ಇಲ್ಲೇ ಕೆಳಗೆ ಬರೀರಿ. 10 ಲೀಟರಿನ ಮಷಿನ್ ಆಗಿದ್ರೆ ಮೇಲಿನ ಲೆಕ್ಕ ಪೂರ್ತಿ ಬದಲಾಗುತ್ತೆ, ಮತ್ತೆ ಹಾಕಿಕೊಡ್ತೇನೆ.