ಹಳೆಯ ಪದ್ಮಿನಿಗೆ ಹೊಸ ಶಾಕ್ ಅಬ್ಸಾರ್ಬರ್

ಪ್ರಶ್ನೆ: ನಮ್ಮ ತಂದೆಯವರ ಕಾಲದ ಪ್ರೀಮಿಯರ್ ಪದ್ಮಿನಿ ಕಾರು ಹಿಂಬದಿಯಲ್ಲಿ ತಗ್ಗಿ ನಿಲ್ಲುತ್ತದೆ, ಹಂಪ್ ದಾಟಿದ ಮೇಲೆ ಬಹಳ ಹೊತ್ತು ಕುಲುಕುತ್ತದೆ. ಗಟ್ಟಿಯಾದ ಗ್ಯಾಸ್ ಶಾಕ್ ಅಬ್ಸಾರ್ಬರ್ ಹಾಕಿಸಿದರೆ ಎರಡೂ ಸರಿಯಾದೀತೇ?
– ಓದುಗರೊಬ್ಬರು, ಮಲ್ಪೆ

ಉತ್ತರ: ಈ ಎರಡು ದೋಷಗಳಿಗೆ ಕಾರಣ ಬೇರೆ ಬೇರೆ. ಕಾರಿನ ಭಾರವನ್ನು ಹೊರುವುದು ಸ್ಪ್ರಿಂಗ್. ಆ ಸ್ಪ್ರಿಂಗಿನ ಓಲಾಟವನ್ನು ಎಣ್ಣೆಯ ತಡೆಯಿಂದ ಅಡಗಿಸುವುದಷ್ಟೇ ಶಾಕ್ ಅಬ್ಸಾರ್ಬರಿನ ಕೆಲಸ. ಕುಲುಕಾಟ ಶಾಕ್ ಅಬ್ಸಾರ್ಬರಿನಿಂದ ನಿಂತೀತು, ತಗ್ಗುವುದು ಸರಿಯಾಗದು. ಆದ್ದರಿಂದ ಮೊದಲು ಹಿಂಬದಿಯ ಲೀಫ್ ಸ್ಪ್ರಿಂಗಿನ (ಒಂದರ ಮೇಲೊಂದು ಜೋಡಿಸಿದ ಬಾಗಿದ ಉಕ್ಕಿನ ಪಟ್ಟಿಗಳ ಸ್ಪ್ರಿಂಗ್) ಪಟ್ಟಿಗಳನ್ನೂ ಬುಷ್‌ಗಳನ್ನೂ (ಜೋಡಣೆಯ ಕಡೆ ಕೂರುವ ರಬ್ಬರ್ ಬಳೆಗಳು) ಪರೀಕ್ಷಿಸಿ.

ಶಾಕ್ ಅಬ್ಸಾರ್ಬರ್ ಆಯ್ಕೆ ಮಾಡುವಾಗ ಕಂಪನಿಯ ಹೆಸರಿಗಿಂತ ಅಳತೆ ಮುಖ್ಯ. ಪೂರ್ತಿ ಮುಚ್ಚಿದಾಗಿನ ಉದ್ದ ಮೂಲದ್ದಕ್ಕಿಂತ ಹೆಚ್ಚಿದ್ದರೆ, ಗುಂಡಿಯಲ್ಲಿ ಚಕ್ರ ಮೇಲೆದ್ದಾಗ ರಬ್ಬರ್ ತಡೆಗೆ ತಾಗುವ ಮೊದಲೇ ಶಾಕ್ ಅಬ್ಸಾರ್ಬರ್ ತಳ ಹೊಡೆದು, ತುಕ್ಕು ಹಿಡಿದ ಹಳೆಯ ಬ್ರಾಕೆಟ್ಟನ್ನೇ ಸೀಳಬಹುದು. ಪೂರ್ತಿ ತೆರೆದಾಗಿನ ಉದ್ದ ಕಡಿಮೆಯಿದ್ದರೆ, ಚಕ್ರ ಇಳಿದಾಗ ಭಾರವೆಲ್ಲ ಅದಕ್ಕೇ ಜೋತುಬೀಳುತ್ತದೆ. ಗ್ಯಾಸ್ ತುಂಬಿದವು ಸಾಮಾನ್ಯವಾಗಿ ಬಿರುಸಾಗಿರುತ್ತವೆ. ಪದ್ಮಿನಿಯ ಸೊಗಸೇ ಅದರ ಮೃದುವಾದ ಓಟವಾದ್ದರಿಂದ, ಮೂಲಕ್ಕೆ ಹೊಂದುವ ಎಣ್ಣೆಯವನ್ನೇ ನಾನು ಆರಿಸುವೆ. ಜೋಡಿಯಾಗಿಯೇ ಬದಲಿಸಿ.

ಕಡಲ ಉಪ್ಪುಗಾಳಿಗೆ ನಟ್ಟುಗಳು ಕಚ್ಚಿಕೊಂಡಿರುವುದರಿಂದ ಹಿಂದಿನ ದಿನವೇ ತುಕ್ಕು ಸಡಿಲಿಸುವ ಎಣ್ಣೆ ಹಾಕಿಡಿ. ಹೊಸದನ್ನು ನೆಟ್ಟಗೆ ಹಿಡಿದು ಕೆಲವು ಸಲ ಎಳೆದು ಒತ್ತಿ, ಒಳಗಿನ ಗಾಳಿಯನ್ನು ಹೊರಡಿಸಿ. ನಯವಾದ ದಂಡವನ್ನು ಇಕ್ಕಳದಿಂದ ಹಿಡಿಯಲೇಬೇಡಿ. ಗೀರು ಬಿದ್ದರೆ ಸೀಲ್ ಹರಿದು ಎಣ್ಣೆ ಸೋರುತ್ತದೆ. ರಬ್ಬರ್ ಬುಷ್‌ಗಳ ಬೋಲ್ಟ್‌ಗಳನ್ನು ಜಾಕ್ ಇಳಿಸಿ, ಕಾರಿನ ಭಾರ ಚಕ್ರಗಳ ಮೇಲೆ ಕೂತ ನಂತರವೇ ಕೊನೆಯ ಬಿಗಿ ಮಾಡಬೇಕು; ಇಲ್ಲವಾದರೆ ತಿರುಚಿಕೊಂಡ ರಬ್ಬರ್ ಬೇಗನೆ ಹರಿಯುತ್ತದೆ.